ಕುದುರೆಗೂ ಮಸಾಜಾ ಅಂತ ನಗುವವರಿಗೆ

ಕುದುರೆಗೆ ಮಸಾಜ್ ಮಾಡೋದನ್ನೇ ಕಸುಬು ಮಾಡಿಕೊಂಡವರಿದ್ದಾರೆ ಅಂದರೆ ನಮ್ಮಲ್ಲಿ ಹತ್ತಕ್ಕೆ ಒಂಬತ್ತು ಜನ ನಗುತ್ತಾರೆ. ‘ದುಡ್ಡು ಜಾಸ್ತಿಯಾದವರ ಶೋಕಿ ಗುರೂ’ ಅನ್ನುತ್ತಾರೆ. ಹಾಗೆ ನಗುವವರಲ್ಲಿ ಬಹುಪಾಲು ನನ್ನ ಥರದವರೇ. ಬಿಇ ಮುಗಿಸಿ, ಹೆಬ್ಬಾಳದ ಕಡೆಯೋ ಹೂಟಗಳ್ಳಿಯ ಕಡೆಯೋ ಒಂದು ಕ್ಯಾಂಪಸ್ಸಿನಲ್ಲಿ ಕೂತು ಕೋಡ್ ಬರೆಯುವವರು. ನಮ್ಮ ಕತೆ ನೋಡಿ. ಕೂರುವ ಕುರ್ಚಿಗೆ ಸೊಂಟದ ಸಪೋರ್ಟ್ ಇಲ್ಲದಿದ್ದರೆ ಟಿಕೆಟ್ ಹಾಕುತ್ತೇವೆ. ವೆಲ್‌ನೆಸ್ ವೀಕ್ ಬಂತು ಅಂದರೆ ಹತ್ತು ನಿಮಿಷದ ಕುತ್ತಿಗೆ ಮಸಾಜಿನ ಸ್ಲಾಟ್ ಹಿಡಿಯೋಕೆ ತತ್ಕಾಲ್ ಟಿಕೆಟ್ಟಿಗೆ ಬಿದ್ದ ಹಾಗೆ ಬೀಳುತ್ತೇವೆ. ಕೀಬೋರ್ಡು ಕುಟ್ಟಿದ ಹೆಗಲಿಗೆ ನೋವಾಗಬಹುದಂತೆ, ನಾಲ್ಕು ಜನರನ್ನು ಕೂರಿಸಿಕೊಂಡು ಅರಮನೆ ಸುತ್ತ ಗಾಡಿ ಎಳೆದ ಹೆಗಲಿಗೆ ಆಗಬಾರದಂತೆ. ಇದ್ಯಾವ ಲಾಜಿಕ್ಕು ಸ್ವಾಮಿ?

ನನ್ನ ಜಗಳ ನಗುವವರ ಜೊತೆ ಮಾತ್ರ ಅಲ್ಲ. ಇನ್ನೊಂದು ಪಂಗಡ ಇದೆ. ಅವರು ನಗೋದಿಲ್ಲ, ಅಳುತ್ತಾರೆ. ಟಾಂಗಾ ಕುದುರೆಯ ಫೋಟೋ ಹಾಕಿ, ಕೆಳಗೆ ಒಡೆದ ಹೃದಯದ ಎಮೋಜಿ ಹಾಕಿ, ‘ಇದನ್ನೆಲ್ಲ ಬ್ಯಾನ್ ಮಾಡಬೇಕು’ ಅಂತ ಬರೆದು ಮಲಗುತ್ತಾರೆ. ನಗುವವನಿಗೂ ಅಳುವವನಿಗೂ ಒಂದು ವಿಷಯದಲ್ಲಿ ಪೂರ್ತಿ ಒಮ್ಮತ. ಇಬ್ಬರೂ ಕುದುರೆ ಮೈಮೇಲೆ ಕೈ ಇಟ್ಟವರಲ್ಲ, ಇಬ್ಬರೂ ಕುದುರೆಗಾಗಿ ಒಂದು ರೂಪಾಯಿ ಬಿಚ್ಚಿದವರಲ್ಲ.

ನಾನು ಬಾಡಿಗೆಗಿರುವುದು ಉದಯಗಿರಿಯಲ್ಲಿ. ‘ಅಲ್ಲಿ ಯಾಕೆ ಮನೆ ಮಾಡಿದೆ?’ ಅಂತ ಕೇಳುವ ಸಹೋದ್ಯೋಗಿಗಳಿಗೆ ಬಾಡಿಗೆ ಕಮ್ಮಿ, ಬಿರಿಯಾನಿ ಹತ್ತಿರ ಅಂತ ಹೇಳಿ ಮುಗಿಸುತ್ತೇನೆ. ಟಿವಿಯವರಿಗೆ ಉದಯಗಿರಿ ಅಂದರೆ ಒಂದೇ ಥರದ ಸುದ್ದಿ. ಬೆಳಗ್ಗೆ ಐದೂವರೆಗೆ ನಮ್ಮ ಬೀದಿಯಲ್ಲಿ ಕೇಳುವ ಗೊರಸಿನ ಸದ್ದು ಅವರಿಗೆ ಸುದ್ದಿಯಲ್ಲ. ನಮ್ಮ ಮನೆಯಿಂದ ನಾಲ್ಕು ಮನೆ ಆಚೆ ತಗಡಿನ ಶೀಟು ಹೊದಿಸಿದ ಒಂದು ಲಾಯ ಇದೆ. ಒಂದು ಗಾಡಿ, ಒಂದು ಕುದುರೆ, ಅರವತ್ತು ದಾಟಿದ ಒಬ್ಬ ಯಜಮಾನರು. ನಾನು ಚಾಚಾ ಅನ್ನುತ್ತೇನೆ, ಅವರು ನನ್ನನ್ನು ‘ಇಂಜಿನಿಯರ್ರೇ’ ಅನ್ನುತ್ತಾರೆ, ಮೂಡು ಚೆನ್ನಾಗಿದ್ದರೆ ‘ಬೇಟಾ’. ಅವರ ಅಪ್ಪ ರೈಲ್ವೆ ಸ್ಟೇಷನ್ನಿನಿಂದ ಬಾಡಿಗೆ ಹೊಡೆಯುತ್ತಿದ್ದರಂತೆ. ಇವರು ಅರಮನೆ ಸುತ್ತ ಟೂರಿಸ್ಟುಗಳನ್ನು ತಿರುಗಿಸುತ್ತಾರೆ. ಮುಂದೆ ಯಾರು ಅಂತ ನಾನು ಕೇಳಿಲ್ಲ. ಮಗ ಫುಡ್ ಡೆಲಿವರಿಗೆ ಹೋಗುತ್ತಾನೆ.

ಸಂಜೆ ಗಾಡಿ ಬಿಚ್ಚಿದ ಮೇಲೆ ಚಾಚಾ ಮಾಡುವ ಕೆಲಸವನ್ನು ನೋಡಬೇಕು ನೀವು. ಮೊದಲು ಕುದುರೆಯನ್ನು ಹತ್ತು ನಿಮಿಷ ಸುಮ್ಮನೆ ಬೀದಿಯಲ್ಲಿ ಆ ಕಡೆ ಈ ಕಡೆ ನಡೆಸುತ್ತಾರೆ. ಬೆವರು ಆರಬೇಕು. ಆಮೇಲೆ ಹಳೆಯ ಗೋಣಿತಾಟಿನ ತುಂಡನ್ನು ಮುದ್ದೆ ಮಾಡಿ ಕುತ್ತಿಗೆಯಿಂದ ಹಿಂದಕ್ಕೆ, ಕೂದಲು ಮಲಗಿದ ದಿಕ್ಕಿಗೆ, ಉಜ್ಜುತ್ತಾ ಹೋಗುತ್ತಾರೆ. ಅದು ಧೂಳಿಗೆ. ಅಸಲಿ ಕೆಲಸ ಅದರ ನಂತರದ್ದು. ಬರಿಗೈ. ಅಂಗೈ ಬುಡವನ್ನು ಕುತ್ತಿಗೆಯ ಬುಡಕ್ಕೆ ಒತ್ತಿ, ತಮ್ಮ ಮೈಭಾರ ಅಷ್ಟನ್ನೂ ಅದರ ಮೇಲೆ ಬಿಟ್ಟು, ನಿಧಾನಕ್ಕೆ ಸುತ್ತಿಸುತ್ತಾರೆ. ಹೆಗಲ ಹಲಗೆಯ ಹಿಂದೆ, ಪಟ್ಟಿ ಒತ್ತುವ ಜಾಗದಲ್ಲಿ, ಬೆರಳ ತುದಿ. ಬೆನ್ನಿನ ಎರಡೂ ಪಕ್ಕದಲ್ಲಿ ಉದ್ದಕ್ಕೆ ಮುಷ್ಟಿ. ಚಪ್ಪೆಯ ಮೇಲೆ ಮೊಣಕೈ. ಬೆನ್ನೆಲುಬಿನ ಮೇಲೆ ಮಾತ್ರ ಎಂದೂ ಒತ್ತುವುದಿಲ್ಲ. ಎಡಗೈ ಸದಾ ಕುದುರೆ ಮೈಮೇಲೆ ಇರುತ್ತದೆ, ಬಲಗೈ ಕೆಲಸ ಮಾಡುತ್ತದೆ. ಕಣ್ಣು ಕೈಮೇಲಲ್ಲ, ಕುದುರೆಯ ಕಿವಿಯ ಮೇಲೆ. ಕಿವಿ ಹಿಂದಕ್ಕೆ ಮಲಗಿತೋ, ಕೈ ಹಗುರ. ಕೆಳತುಟಿ ಜೋತುಬಿತ್ತೋ, ಅಲ್ಲೇ ಇನ್ನೊಂದು ಸುತ್ತು. ಒಮ್ಮೊಮ್ಮೆ ಕುದುರೆ ದೊಡ್ಡದಾಗಿ ಬಾಯಿ ತೆರೆದು ಆಕಳಿಸಿ, ನಾಲಿಗೆ ಹೊರಳಿಸಿ, ತಲೆ ಇಳಿಬಿಡುತ್ತದೆ. ‘ಈಗ ಬಿಟ್ಟ್ಕೊಡ್ತು ನೋಡಿ’ ಅನ್ನುತ್ತಾರೆ ಚಾಚಾ.

ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಹೀಗೇ ಕಿವಿ, ತುಟಿ, ಆಕಳಿಕೆ ನೋಡಿಕೊಂಡು ಕೈ ಆಡಿಸುವವರನ್ನು ಥೆರಪಿಸ್ಟ್ ಅನ್ನುತ್ತಾರೆ. ಉದಯಗಿರಿಯಲ್ಲಿ ಟಾಂಗಾದವನು ಅನ್ನುತ್ತಾರೆ.

ಇದಕ್ಕೆ ಮೇಲುಗಡೆಯವರ ಮುದ್ರೆ ಬಿದ್ದದ್ದು ತೀರಾ ಹಳೆಯ ಕತೆಯೇನಲ್ಲ. 1970ರ ದಶಕದಲ್ಲಿ ಜ್ಯಾಕ್ ಮೀಗರ್ ಎಂಬ ಅಮೆರಿಕದ ಮಸಾಜುಗಾರ, ಆಟಗಾರರ ಮೈಮೇಲೆ ಮಾಡುತ್ತಿದ್ದ ಕೆಲಸವನ್ನು ಕುದುರೆಗಳ ಮೇಲೆ ತಂದು, ಅಲ್ಲಿನ ಒಲಿಂಪಿಕ್ ಕುದುರೆಸವಾರಿ ತಂಡದ ಜೊತೆ ಕೆಲಸ ಮಾಡಿದ. ಆಮೇಲೆ ಪುಸ್ತಕ ಬಂತು, ಕೋರ್ಸುಗಳು ಬಂದವು. ಈಗ ದುಬಾರಿ ಕುದುರೆ ಇರುವ ಕಡೆಯೆಲ್ಲ ಪಶುವೈದ್ಯ, ಲಾಳದವನು, ಮಸಾಜಿನವನು ಮೂವರೂ ಇರುತ್ತಾರೆ. ಶ್ರೀಮಂತರ ಶೋಕಿ ಅನ್ನೋದಕ್ಕೆ ಇದೇ ಸಾಕ್ಷಿ ಅಂತ ನೀವು ಹೇಳಬಹುದು. ನಾನು ತದ್ವಿರುದ್ಧ ಹೇಳುತ್ತೇನೆ. ಕುದುರೆಯ ಕಾಲಿನ ಮೇಲೆ ಕೋಟಿ ರೂಪಾಯಿ ಹೂಡಿದವನು ಸುಮ್ಮನೆ ದುಡ್ಡು ಚೆಲ್ಲೋದಿಲ್ಲ. ಆ ಕೈಯಿಂದ ಏನೋ ಸಿಗುತ್ತದೆ ಅಂತ ಗೊತ್ತಿದ್ದೇ ಕೊಡುತ್ತಾನೆ. ಹಾಗಾದರೆ ದಿನವಿಡೀ ಟಾರು ರೋಡಿನಲ್ಲಿ ದುಡಿಯುವ ಕುದುರೆಗೆ ಅದು ಇನ್ನೂ ಹೆಚ್ಚು ಬೇಕು.

ಯಾಕೆ ಬೇಕು ಅನ್ನೋದಕ್ಕೆ ಆ ಪ್ರಾಣಿಯ ಡಿಸೈನ್ ಸ್ವಲ್ಪ ತಿಳಿಯಬೇಕು. ನಮಗಿರುವ ಕಾಲರ್‌ಬೋನು ಕುದುರೆಗಿಲ್ಲ. ಅದರ ಮುಂಗಾಲು ಮೂಳೆಯ ಕೀಲಿನಿಂದ ಎದೆಗೂಡಿಗೆ ಸೇರಿಕೊಂಡಿಲ್ಲ. ಎರಡು ಹೆಗಲ ಹಲಗೆಗಳ ಮಧ್ಯೆ ಇಡೀ ಎದೆಗೂಡು ಮಾಂಸಖಂಡ ಮತ್ತು ನರದಂಥ ಪಟ್ಟಿಗಳ ಒಂದು ಜೋಲಿಯಲ್ಲಿ ತೂಗುಹಾಕಿದಂತೆ ಇರುತ್ತದೆ. ತೊಟ್ಟಿಲು ಅಂದುಕೊಳ್ಳಿ. ಮೈಭಾರದ ನೂರಕ್ಕೆ ಅರವತ್ತರಷ್ಟು ಬೀಳುವುದೂ ಈ ಮುಂಗಾಲುಗಳ ಮೇಲೆಯೇ. ಅಂದರೆ ಕುದುರೆಯ ‘ಸಸ್ಪೆನ್ಷನ್’ ಅನ್ನೋದು ಶುದ್ಧ ಮಾಂಸಖಂಡ. ಬೈಕಿನ ಶಾಕ್ ಅಬ್ಸಾರ್ಬರ್ ಬಿಗಿದುಕೊಂಡರೆ ನಾವು ಆ ಭಾನುವಾರವೇ ಸರ್ವಿಸಿಗೆ ಬಿಡುತ್ತೇವೆ. ಇನ್ನು ಮಂಡಿಯ ಕೆಳಗೆ ಬಂದರೆ ಹೆಚ್ಚುಕಮ್ಮಿ ಮಾಂಸಖಂಡವೇ ಇಲ್ಲ, ಬರೀ ಎಲುಬು, ಸ್ನಾಯುಹುರಿ, ಚರ್ಮ. ಮೇಲಿನ ಖಂಡ ಬಿಗಿಯಾಗಿ ಎಳೆದುಕೊಂಡರೆ ಆ ಎಳೆತವನ್ನೆಲ್ಲ ತಿನ್ನುವುದು ಕೆಳಗಿನ ಈ ತೆಳು ಹುರಿಗಳು.

ಈಗ ಇದನ್ನು ಟಾಂಗಾಕ್ಕೆ ಹೂಡಿ. ಎರಡು ಮರಗಳ ನಡುವೆ ನಿಂತ ಕುದುರೆ ತಿರುವಿನಲ್ಲಿ ಮೈ ಬಗ್ಗಿಸೋ ಹಾಗಿಲ್ಲ, ಗಾಡಿಯ ಜೊತೆ ಸೆಟೆದುಕೊಂಡೇ ತಿರುಗಬೇಕು. ನಮ್ಮ ರಸ್ತೆಗಳು ಮಳೆನೀರು ಹೋಗಲೆಂದು ಅಂಚಿಗೆ ಇಳಿಜಾರು. ಗಾಡಿ ಯಾವಾಗಲೂ ಎಡ ಅಂಚಿಗೆ ಹೋಗಬೇಕಾದ್ದರಿಂದ ಎಡಗಾಲು ಸದಾ ಒಂದು ಚೂರು ತಗ್ಗಿನಲ್ಲಿ. ಹಿಂದೆ ಸೀಟಿನಲ್ಲಿ ಕೂತವರು ದಪ್ಪಗಿದ್ದರೆ ಮುಂದಿನ ಮರ ಮೇಲೇಳುತ್ತದೆ, ಮುಂದೆ ಕೂತವರು ದಪ್ಪಗಿದ್ದರೆ ಬೆನ್ನಿನ ಮೇಲೆ ಕೂರುತ್ತದೆ. ಇದರ ಮೇಲೆ ಹಾರ್ನು, ಬ್ರೇಕು, ಸಿಗ್ನಲ್ಲು. ಸಂಜೆ ಹೊತ್ತಿಗೆ ಚಾಚಾ ಕುದುರೆಯ ಎಡ ಹೆಗಲು ಬಲಕ್ಕಿಂತ ಗಟ್ಟಿ. ನನ್ನ ಕೈಯಿಡಿಸಿ ತೋರಿಸಿದ್ದಾರೆ. ಒಂದು ಕಡೆ ನಾದಿದ ಹಿಟ್ಟಿನ ಹಾಗೆ, ಇನ್ನೊಂದು ಕಡೆ ಒಣಗಿದ ರೊಟ್ಟಿಯ ಹಾಗೆ.

ಇಲ್ಲಿಗೆ ಬಂದ ಮೇಲೆ ಮಸಾಜಿನ ಪರವಾಗಿರುವವರ ಮೇಲೂ ಎರಡು ಮಾತು ಆಡಲೇಬೇಕು, ಯಾಕೆಂದರೆ ಆ ಕಡೆಯಿಂದಲೂ ಬೇಕಾದಷ್ಟು ಬೊಗಳೆ ಬರುತ್ತದೆ. ಮಸಾಜು ಮಾಡಿದರೆ ಲ್ಯಾಕ್ಟಿಕ್ ಆಸಿಡ್ಡು ತೊಳೆದುಹೋಗುತ್ತದೆ ಅನ್ನೋದು ಸುಳ್ಳು. ಓಡಿದ ಮೇಲೆ ಅದು ತಾನಾಗಿಯೇ ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ, ಯಾರ ಕೈಯೂ ಬೇಕಿಲ್ಲ. ‘ಟಾಕ್ಸಿನ್ಸ್ ಹೊರಹಾಕುತ್ತದೆ’ ಅನ್ನುವವರನ್ನು ಯಾವ ಟಾಕ್ಸಿನ್ನು ಅಂತ ಕೇಳಿ, ಹೆಸರು ಹೇಳಲಿ. ಮುರಿದ ಮೂಳೆ, ಹರಿದ ಹುರಿ, ಜ್ವರ, ಕೊಳೆತ ಗಾಯ, ಹೊಟ್ಟೆನೋವು ಇವಕ್ಕೆ ಮಸಾಜು ಮಾಡುವವನು ಕುದುರೆಯ ಶತ್ರು. ಅಲ್ಲಿ ಪಶುವೈದ್ಯರು ಬರಬೇಕು. ರೋಗಕ್ಕೆ ಮದ್ದು ಕೊಡುವ ಹಕ್ಕು ನೋಂದಾಯಿತ ಪಶುವೈದ್ಯರದ್ದು ಅಂತ 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆ ಇರುವುದು ಸುಮ್ಮನೆ ಅಲ್ಲ.

ಒಂದು ರೋಗದ ಕತೆ ಹೇಳಿದರೆ ನಮ್ಮವರಿಗೆ ಖುಷಿಯಾದೀತು. ಅದರ ಹಳೆಯ ಇಂಗ್ಲಿಷ್ ಹೆಸರನ್ನು ಕನ್ನಡಕ್ಕೆ ತಂದರೆ ‘ಸೋಮವಾರ ಬೆಳಗಿನ ರೋಗ’. ವಾರವಿಡೀ ದುಡಿದ ಕುದುರೆ ಭಾನುವಾರ ಪೂರ್ತಿ ರಜೆಯಲ್ಲಿ ನಿಂತು, ದುಡಿಯುವ ದಿನದಷ್ಟೇ ಕಾಳು ತಿಂದು, ಸೋಮವಾರ ಗಾಡಿಗೆ ಹೂಡಿದ ಸ್ವಲ್ಪ ಹೊತ್ತಿಗೆ ಹಿಂಗಾಲು ಮರಗಟ್ಟಿ ನಿಂತುಬಿಡುತ್ತದೆ. ಬೆವರು ಸುರಿಯುತ್ತದೆ, ಮೂತ್ರ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗುತ್ತದೆ. ಮಾಂಸಖಂಡವೇ ಒಡೆದು ರಕ್ತಕ್ಕೆ ಸೇರುತ್ತಿರುವ ಲಕ್ಷಣ ಅದು. ನಮ್ಮ ಸೋಮವಾರದ ರೋಗಕ್ಕೆ ಮೇಲ್ ಹಾಕಿ ಮನೆಯಲ್ಲಿ ಉಳಿಯಬಹುದು, ಕುದುರೆ ಅದರಲ್ಲಿ ಸಾಯಬಹುದು. ಆಗ ಚಪ್ಪೆ ಗಟ್ಟಿಯಾಗಿದೆ ಅಂತ ತಿಕ್ಕಲು ಹೋಗುವವನು ಮೂರ್ಖ. ಕುದುರೆಯನ್ನು ಒಂದು ಹೆಜ್ಜೆಯೂ ನಡೆಸದೆ ಡಾಕ್ಟರಿಗೆ ಫೋನ್ ಮಾಡಬೇಕು. ಚಾಚಾಗೆ ಈ ರೋಗದ ಇಂಗ್ಲಿಷ್ ಹೆಸರು ಗೊತ್ತಿಲ್ಲ, ಆದರೆ ರಜೆಯ ದಿನ ಹುರುಳಿ ಅರ್ಧ ಮಾಡಬೇಕು ಅನ್ನೋದು ಗೊತ್ತು.

ಹಾಗಾದರೆ ಮಸಾಜಿನಿಂದ ನಿಜವಾಗಿ ಆಗುವುದೇನು? ಬಿಗಿದ ಖಂಡ ಸಡಿಲವಾಗುತ್ತದೆ, ಹೆಜ್ಜೆ ಸ್ವಲ್ಪ ಉದ್ದವಾಗುತ್ತದೆ, ಇದು ಶಾಶ್ವತವಲ್ಲ, ಮತ್ತೆ ಮತ್ತೆ ಮಾಡಬೇಕು. ಎರಡನೆಯದು ನೆಮ್ಮದಿ. ಇದಕ್ಕೆ ನನಗೆ ಬಹಳ ಇಷ್ಟವಾದ ಒಂದು ಪ್ರಯೋಗ ಇದೆ. ಫ್ರಾನ್ಸಿನ ಕಮಾರ್ಗ್ ಕುದುರೆಗಳ ಮೇಲೆ ಇಬ್ಬರು ಸಂಶೋಧಕಿಯರು ಮಾಡಿದ್ದು, ಪ್ರಕಟವಾದದ್ದು 1993ರಲ್ಲಿ. ಕುದುರೆಗಳು ಎದುರುಬದುರು ನಿಂತು ಒಂದನ್ನೊಂದು ಹಲ್ಲಿನಲ್ಲಿ ಕೆರೆದುಕೊಳ್ಳುವುದನ್ನು ನೀವು ನೋಡಿರಬಹುದು. ಹಾಗೆ ಕೆರೆದುಕೊಳ್ಳಲು ಅವು ಹೆಚ್ಚಾಗಿ ಆರಿಸುವ ಜಾಗ ಕುತ್ತಿಗೆಯ ಬುಡ, ಜೂಲು ಮುಗಿದು ಬೆನ್ನು ಶುರುವಾಗುವ ಉಬ್ಬಿನ ಹತ್ತಿರ. ಅದೇ ಜಾಗವನ್ನು ಮನುಷ್ಯರು ಕೈಯಿಂದ ಉಜ್ಜಿದಾಗ ಕುದುರೆಯ ಎದೆಬಡಿತ ಇಳಿಯಿತು. ಬೇರೆ ಜಾಗದಲ್ಲಿ ಉಜ್ಜಿದಾಗ ಇಳಿಯಲಿಲ್ಲ. ಬಡಿತ ಸುಳ್ಳು ಹೇಳೋಲ್ಲ, ಅದಕ್ಕೆ ಮಾರ್ಕೆಟಿಂಗ್ ಡಿಪಾರ್ಟ್‌ಮೆಂಟಿಲ್ಲ. ಚಾಚಾ ದಿನಾ ಶುರುಮಾಡುವುದು ಸರಿಯಾಗಿ ಅದೇ ಜಾಗದಿಂದ.

ಮೂರನೆಯದೇ ನನ್ನ ಪ್ರಕಾರ ದೊಡ್ಡದು, ಅದನ್ನು ಯಾರೂ ಬ್ರೋಷರಿನಲ್ಲಿ ಹಾಕೋದಿಲ್ಲ. ದಿನಾ ಮೈಯೆಲ್ಲ ಮುಟ್ಟುವ ಕೈಗೆ ನಿನ್ನೆ ಇಲ್ಲದ ಬಿಸಿ, ನಿನ್ನೆ ಇಲ್ಲದ ಊತ, ನಿನ್ನೆ ಇಲ್ಲದ ಬೆದರು ತಕ್ಷಣ ಗೊತ್ತಾಗುತ್ತದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅದು ಮಾನಿಟರಿಂಗ್. ಸರ್ವರ್ ಬಿದ್ದ ಮೇಲೆ ಓಡಿಬರುವವನಿಗೂ, ಬೀಳುವ ಎರಡು ದಿನ ಮುಂಚೆ ಲಾಗ್ ನೋಡಿ ‘ಇಲ್ಲೇನೋ ಸರಿಯಿಲ್ಲ’ ಅನ್ನುವವನಿಗೂ ಇರುವ ವ್ಯತ್ಯಾಸ ನಮಗೆ ಗೊತ್ತಿದೆಯಲ್ಲ. ಪಟ್ಟಿ ಒತ್ತಿ ಹುಣ್ಣಾಗುವ ಮುಂಚೆ ಅಲ್ಲಿ ಕೂದಲು ಒರಟಾಗುತ್ತದೆ. ಗೊರಸಿನಲ್ಲಿ ಕೀವು ಕಟ್ಟುವ ಮುಂಚೆ ಗೊರಸು ಬಿಸಿಯಾಗುತ್ತದೆ. ಇದು ಫೋಟೋದಲ್ಲಿ ಕಾಣೋದಿಲ್ಲ.

ಫೋಟೋ ಅಂದೆನಲ್ಲ, ಅದನ್ನೂ ಹೇಳಿಬಿಡುತ್ತೇನೆ. ಹೋದ ವರ್ಷ ಯಾರೋ ಒಬ್ಬರು ಚಾಚಾ ಕುದುರೆಯ ಹದಿನೈದು ಸೆಕೆಂಡಿನ ವಿಡಿಯೋ ಮಾಡಿ ಹಂಚಿದರು. ಕುದುರೆ ಗಾಡಿ ಸ್ಟ್ಯಾಂಡಿನಲ್ಲಿ ಒಂದು ಹಿಂಗಾಲನ್ನು ಸ್ವಲ್ಪ ಎತ್ತಿ ಗೊರಸಿನ ತುದಿಯ ಮೇಲೆ ನಿಂತಿತ್ತು. ಮೇಲೆ ತಲೆಬರಹ: ಕಾಲು ಮುರಿದ ಕುದುರೆಯಿಂದ ದುಡಿಸುತ್ತಿದ್ದಾರೆ. ನನ್ನ ಟೀಮಿನ ಗ್ರೂಪಿಗೂ ಬಂತು, ಕೋಪದ ಎಮೋಜಿಗಳ ಮಳೆ ಸುರಿಯಿತು. ಸ್ವಾಮಿ, ಕುದುರೆ ನಿಂತು ದಣಿವಾರಿಸಿಕೊಳ್ಳೋದೇ ಹಾಗೆ! ಒಂದು ಹಿಂಗಾಲು ಸಡಿಲ ಬಿಟ್ಟು, ಆಮೇಲೆ ಇನ್ನೊಂದು. ಬಸ್ ಸ್ಟ್ಯಾಂಡಿನಲ್ಲಿ ನಾವು ಒಂದು ಕಾಲಿನ ಮೇಲೆ ಭಾರ ಹಾಕಿ ನಿಲ್ಲುವ ಹಾಗೆ. ಮುಂಗಾಲನ್ನು ಮುಂದಕ್ಕೆ ಚಾಚಿ, ಭಾರ ಹಾಕದೆ ನಿಂತಿದ್ದರೆ ಆಗ ಗಾಬರಿಯಾಗಬೇಕು, ಅದು ನೋವಿನ ಗುರುತು. ಈ ಒಂದು ವಾಕ್ಯದ ತಿಳಿವಳಿಕೆ ಇಲ್ಲದ ಮುನ್ನೂರು ಜನ ಹಂಚಿಕೊಂಡರು. ಚಾಚಾ ಒಂದು ವಾರ ಗಾಡಿ ಹೊರಗೆ ತೆಗೆಯಲಿಲ್ಲ. ದುಡಿಮೆ ಇಲ್ಲದ ಆ ವಾರದಲ್ಲೂ ಕುದುರೆ ತಿಂದದ್ದು ಹುರುಳಿ, ಬೂಸಾ, ಹಸಿ ಹುಲ್ಲು. ಪ್ರಾಣಿದಯೆಯ ಬಿಲ್ಲನ್ನು ಕಟ್ಟಿದವರು ಯಾರು?

ಬ್ಯಾನ್ ಕೇಳುವವರ ಕಳಕಳಿ ಪೂರ್ತಿ ಸುಳ್ಳು ಅಂತ ನಾನು ಹೇಳುವುದಿಲ್ಲ. ಎಲುಬು ಎಣಿಸಬಹುದಾದ ಕುದುರೆಯನ್ನು ಹೊಡೆದು ಓಡಿಸುವವರನ್ನು ನಾನೂ ನೋಡಿದ್ದೇನೆ. ಅಂಥವರಿಗೆ ಕಾನೂನು ಇದೆ, ಹೊಸದೇನೂ ಬೇಕಿಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಕೆಳಗೆ 1965ರಲ್ಲಿ ಬಂದ ನಿಯಮಗಳು ಗಾಡಿ ಎಳೆಯುವ ಪ್ರಾಣಿಗಳ ಬಗ್ಗೆಯೇ ಇವೆ. ದಿನಕ್ಕೆ ಒಟ್ಟು ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಬಿಡುವಿಲ್ಲದೆ ಒಂದೇ ಸಮ ಐದು ಗಂಟೆ ದಾಟುವಂತಿಲ್ಲ. ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಕೆಲಸವೇ ಇಲ್ಲ. ಗಾಡಿ ಹೊಡೆಯುವವನು ಮತ್ತು ಆರು ವರ್ಷದೊಳಗಿನ ಮಕ್ಕಳನ್ನು ಬಿಟ್ಟು ನಾಲ್ಕು ಜನಕ್ಕಿಂತ ಹೆಚ್ಚು ಕೂರುವಂತಿಲ್ಲ. ಓದುತ್ತಾ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು ಅನ್ನಿ. ರಿಲೀಸ್ ವಾರದಲ್ಲಿ ನಮಗೆ ಈ ಒಂಬತ್ತು ಗಂಟೆಯ ನಿಯಮ ಇಲ್ಲ. ಈ ನಿಯಮಗಳನ್ನು ಮುರಿಯುವವರಲ್ಲಿ ಗಾಡಿಯವರಷ್ಟೇ ಪಾಲು ಕೂರುವವರದ್ದೂ ಇದೆ. ‘ಏನ್ ಸಾಬ್ರೇ, ಅಡ್ಜಸ್ಟ್ ಮಾಡ್ಕೊಳ್ಳಿ, ಆರೇ ಜನ’ ಅನ್ನುವವರು ಯಾರು? ಮುನ್ನೂರು ಅಂದರೆ ನೂರೈವತ್ತಕ್ಕೆ ಬಾ ಅನ್ನುವವರು ಯಾರು? ಅರ್ಧ ದರಕ್ಕೆ ಇಳಿದವನು ಎರಡು ಸುತ್ತಿನ ಜಾಗದಲ್ಲಿ ನಾಲ್ಕು ಸುತ್ತು ಹೊಡೆಯುತ್ತಾನೆ. ಆ ಎರಡು ಸುತ್ತು ಕುದುರೆಯ ಹೆಗಲಿನಿಂದ ಕಿತ್ತುಕೊಂಡದ್ದು, ಸಂಜೆಯ ಮಾಲೀಶಿನ ಹೊತ್ತಿನಿಂದ ಕಿತ್ತುಕೊಂಡದ್ದು.

ಮುಂಬೈಯಲ್ಲಿ ಏನಾಯಿತು ನೋಡಿ. 2015ರಲ್ಲಿ ಅಲ್ಲಿನ ಹೈಕೋರ್ಟು ವಿಕ್ಟೋರಿಯಾ ಸಾರೋಟುಗಳನ್ನು ಕಾನೂನುಬಾಹಿರ ಅಂದು, ನಿಲ್ಲಿಸಲು ಒಂದು ವರ್ಷ ಗಡುವು ಕೊಟ್ಟಿತು. 2021ರಲ್ಲಿ ಅದೇ ಆಕಾರದ ಬ್ಯಾಟರಿ ಗಾಡಿಗಳು ಬಂದವು, ಪೇಪರಿನಲ್ಲಿ ಚೆಂದದ ಫೋಟೋ ಬಂತು. ನನಗೆ ಬ್ಯಾಟರಿ ಗಾಡಿಯ ಮೇಲೆ ದ್ವೇಷ ಇಲ್ಲ. ಆದರೆ ಬ್ಯಾನ್ ಕೇಳುವವರು ಒಂದು ಪ್ರಶ್ನೆಗೆ ಉತ್ತರಿಸಿ ಮುಂದಕ್ಕೆ ಹೋಗಲಿ: ನಿಷೇಧದ ಮಾರನೇ ದಿನ ಆ ಕುದುರೆಗೆ ಹುರುಳಿ ಹಾಕುವವರು ಯಾರು? ಕುದುರೆ ಇಪ್ಪತ್ತೈದು ಮೂವತ್ತು ವರ್ಷ ಬದುಕುವ ಪ್ರಾಣಿ. ದುಡಿಯದ ಕುದುರೆಯನ್ನು ಸಾಕುವ ಶಕ್ತಿ ಉದಯಗಿರಿಯ ತಗಡಿನ ಶೀಟಿನ ಕೆಳಗೆ ಇಲ್ಲ.

ಕುದುರೆಯನ್ನು ಹೊಗಳಿ ಕೈಬಿಡುವುದರಲ್ಲಿ ದೊಡ್ಡವರೂ ಕಮ್ಮಿಯಿಲ್ಲ. 1918ರ ಸೆಪ್ಟೆಂಬರ್ 23ರಂದು ಹೈಫಾ ಗೆದ್ದ ಮೈಸೂರು ಲ್ಯಾನ್ಸರ್ಸ್ ಬಗ್ಗೆ ನಮಗೆಲ್ಲ ಹೆಮ್ಮೆ, ಬೆಂಗಳೂರಿನಲ್ಲಿ ಸ್ಮಾರಕವೂ ಇದೆ. ಅದೇ ಪ್ಯಾಲೆಸ್ಟೈನ್ ರಣರಂಗದಲ್ಲಿ ದುಡಿದ ಬ್ರಿಟಿಷ್ ಸೈನ್ಯದ ಸಾವಿರಾರು ಕುದುರೆಗಳನ್ನು ಯುದ್ಧ ಮುಗಿದ ಮೇಲೆ ಈಜಿಪ್ಟಿನಲ್ಲಿ ಮಾರಿಬಿಟ್ಟರು. ಕೈರೋದ ಬೀದಿಗಳಲ್ಲಿ ಗಾಡಿ ಎಳೆಯುತ್ತಾ ಮುದಿಯಾಗಿದ್ದ ಅವನ್ನು ಕಂಡು ಡೊರೊಥಿ ಬ್ರೂಕ್ ಎಂಬ ಹೆಂಗಸು 1934ರಲ್ಲಿ ಅಲ್ಲೊಂದು ಆಸ್ಪತ್ರೆ ತೆರೆದಳು. ಗಾಡಿಗಳನ್ನು ನಿಲ್ಲಿಸಿ ಅಂತ ಮಾತ್ರ ಕೂಗುತ್ತಾ ಕೂತಿದ್ದರೆ ಅದು ಅವಳಿಗೂ ಸುಲಭವಿತ್ತು. ಅವಳು ಹಣ ಒಟ್ಟು ಮಾಡಿ, ಕುದುರೆಯ ಮೈ ನೋಡಿಕೊಳ್ಳುವ ಜಾಗ ಕಟ್ಟಿದಳು. ಬಡವರ ಕುದುರೆಗೆ ಉಚಿತ ಚಿಕಿತ್ಸೆ ಅಲ್ಲಿ. ಬ್ರೂಕ್ ಹೆಸರಿನ ಸಂಸ್ಥೆ ಇವತ್ತಿಗೂ ನಮ್ಮ ದೇಶವೂ ಸೇರಿದಂತೆ ಹಲವು ಕಡೆ ದುಡಿಯುವ ಕುದುರೆ, ಕತ್ತೆಗಳ ಕೆಲಸ ಮಾಡುತ್ತದೆ.

ಇನ್ನು, ಇದೆಲ್ಲ ಪಾಶ್ಚಾತ್ಯರ ಕಲ್ಪನೆ ಅನ್ನುವವರಿಗೆ. ಶಾಲಿಹೋತ್ರನ ಹೆಸರಿನ ಅಶ್ವವೈದ್ಯ ನಮ್ಮದು ಅಂತ ಎದೆ ತಟ್ಟಿಕೊಳ್ಳುತ್ತೇವೆ. ದೂರ ಹೋಗುವುದೇ ಬೇಡ, ಇದೇ ಮೈಸೂರಿನ ಚಾಮರಾಜ ಒಡೆಯರ ಕಾಲದಲ್ಲಿ, 1627ರಲ್ಲಿ, ಪದ್ಮಣ ಪಂಡಿತ ಎಂಬಾತ ಕುದುರೆಗಳ ಬಗ್ಗೆಯೇ ‘ಹಯಸಾರ ಸಮುಚ್ಚಯ’ ಅಂತ ಕನ್ನಡದಲ್ಲಿ ಗ್ರಂಥ ಬರೆದ. ನಾಲ್ಕು ನೂರು ವರ್ಷದ ಹಿಂದೆ ಕನ್ನಡಕ್ಕೆ ಕುದುರೆ ಶಾಸ್ತ್ರದ ವಿಷಯವಾಗಿತ್ತು, ಈಗ ಜೋಕಿನ ವಿಷಯ. ಗರಡಿಮನೆಗಳ ಊರು ಇದು. ಪೈಲ್ವಾನರ ಮೈಗೆ ಉಸ್ತಾದರು ಎಣ್ಣೆ ತಿಕ್ಕೋದನ್ನು ನೋಡಿ ಬೆಳೆದ ಊರಿಗೆ ಮಾಲೀಶು ಅಂದರೆ ಏನು ಅಂತ ನಾನು ಹೇಳಬೇಕಾ?

ನಮ್ಮೂರು ಟಿ. ನರಸೀಪುರ ತಾಲ್ಲೂಕಿನದು. ನಮಗೆ ಕುದುರೆ ಇರಲಿಲ್ಲ, ಹಳ್ಳಿಕಾರ್ ಎತ್ತುಗಳಿದ್ದವು. ಉತ್ತು ಬಂದ ಸಂಜೆ ಅಪ್ಪ ತಾನು ಕೈಕಾಲು ತೊಳೆಯುವ ಮುಂಚೆ ಎತ್ತಿನ ಕತ್ತಿಗೆ ಹರಳೆಣ್ಣೆ ಹಚ್ಚಿ ನೀವುತ್ತಿದ್ದ. ನೊಗ ಒತ್ತಿ ಹೆಗಲು ಬಾವು ಬಂದರೆ ಎತ್ತು ಆ ಮುಂಗಾರಿಗೆ ಸತ್ತ ಹಾಗೆ ಅಂತ ಅವನ ಲೆಕ್ಕ. ಅದಕ್ಕೆ ಥೆರಪಿ ಅನ್ನುವ ಹೆಸರಿರಲಿಲ್ಲ, ಪ್ರೀತಿ ಅನ್ನುವ ಹೆಸರೂ ಇರಲಿಲ್ಲ. ಬೇಸಾಯ ಅಂತ ಇತ್ತು. ಈ ಕೆಲಸವನ್ನು ಇಂಗ್ಲಿಷಿನಲ್ಲಿ ಹೇಳಿದರೆ ಪ್ರೊಫೆಷನ್ನು, ಉರ್ದು ಕನ್ನಡದಲ್ಲಿ ಹೇಳಿದರೆ ಚಾಕರಿ. ರೇಸ್ ಕುದುರೆಯ ಮಾಲೀಕರ ಹೆಸರು ಪೇಪರಿನಲ್ಲಿ ಬರುತ್ತದೆ, ಟ್ರೈನರ್ ಹೆಸರು ಬರುತ್ತದೆ, ಜಾಕಿ ಹೆಸರು ಬರುತ್ತದೆ. ನಸುಕಿನಲ್ಲೆದ್ದು ಆ ಕುದುರೆಯ ಕಾಲು ನೀವುವ ಸೈಸ್ ಹೆಸರನ್ನು ಎಲ್ಲಾದರೂ ಓದಿದ್ದೀರಾ?

ಮಸಾಜಿಗಿಂತ ಮೊದಲು ಬರಬೇಕಾದ್ದು ಇನ್ನೂ ಇವೆ, ಅದನ್ನು ಮರೆಮಾಚುವುದಿಲ್ಲ. ಸರಿಯಾದ ಲಾಳ, ಹೊಂದುವ ಪಟ್ಟಿ, ಕುಡಿಯೋಕೆ ನೀರು, ನಿಲ್ಲೋಕೆ ನೆರಳು. ಲಾಳ ತಪ್ಪಾಗಿದ್ದರೆ ದಿನವಿಡೀ ಮಾಲೀಶು ಮಾಡಿದರೂ ನೀರಿನಲ್ಲಿ ಹೋಮ. ಆದರೆ ಇವೆಲ್ಲ ಆಗಬೇಕಾದರೂ ಮೈ ಮುಟ್ಟಿ ನೋಡುವ ಒಂದು ಕೈ ಬೇಕೇ ಬೇಕು. ಲಾಳ ತಪ್ಪಾಗಿದೆ ಅನ್ನೋದು ಮೊದಲು ಗೊತ್ತಾಗುವುದು ಹೆಗಲಿನಲ್ಲಿ.

ಮೈಸೂರಿಗೆ ಇದೇನು ಅಸಾಧ್ಯದ ಕೆಲಸ ಅಲ್ಲ. ದಸರಾ ಆನೆಗಳಿಗೆ ನಾವು ಏನೆಲ್ಲ ಮಾಡುತ್ತೇವೆ! ಬಂದ ಕೂಡಲೇ ತೂಕ ಹಾಕುತ್ತೇವೆ, ಯಾವ ಆನೆ ಎಷ್ಟು ಕಿಲೋ ಏರಿತು ಅನ್ನೋದು ಪೇಪರಿನಲ್ಲಿ ಬರುತ್ತದೆ, ಮನೆಮನೆಯಲ್ಲಿ ಚರ್ಚೆಯಾಗುತ್ತದೆ. ಉದ್ದಿನಬೇಳೆ, ಹೆಸರುಕಾಳು, ಬೆಣ್ಣೆ, ಬೆಲ್ಲ. ಇರಲಿ, ಆನೆಗೆ ಸಲ್ಲಬೇಕಾದ್ದೇ. ಅದೇ ದಸರಾದಲ್ಲಿ ಪಾರಂಪರಿಕ ಟಾಂಗಾ ಸವಾರಿ ಅಂತ ಇಟ್ಟು, ರೇಷ್ಮೆ ಪಂಚೆ, ಮೈಸೂರು ಪೇಟ, ರೇಷ್ಮೆ ಸೀರೆಯಲ್ಲಿ ದಂಪತಿಗಳನ್ನು ಕೂರಿಸಿ ಊರು ಸುತ್ತಿಸುತ್ತೇವಲ್ಲ, ಆ ಟಾಂಗಾದ ಮುಂದಿರುವ ಪ್ರಾಣಿಯ ತೂಕ ಯಾರಿಗಾದರೂ ಗೊತ್ತಾ? ಕಟ್ಟಡ ಪಾರಂಪರಿಕ, ಗಾಡಿ ಪಾರಂಪರಿಕ, ಪೇಟ ಪಾರಂಪರಿಕ. ಕುದುರೆ ಮಾತ್ರ ಬಾಡಿಗೆಯದು.

ಇದೇ ಊರಿನಲ್ಲಿ ಅಶ್ವಾರೋಹಿ ಪೊಲೀಸ್ ಪಡೆಯ ಲಾಯ ಇದೆ. ಚಾಮುಂಡಿ ಬೆಟ್ಟದ ಬುಡದಲ್ಲಿ ರೇಸ್ ಕೋರ್ಸ್ ಇದೆ, ಅದರ ಕ್ಲಬ್ಬು ಶುರುವಾದದ್ದು 1891ರಲ್ಲಿ. ಅಂದರೆ ಕುದುರೆ ವೈದ್ಯರು, ಲಾಳದವರು, ತರಬೇತಾದ ಕೈಗಳು ಎಲ್ಲ ಐದಾರು ಕಿಲೋಮೀಟರಿನೊಳಗೇ ಇವೆ. ತಿಂಗಳಿಗೆ ಒಂದು ಭಾನುವಾರ ಬೆಳಗ್ಗೆ, ಟಾಂಗಾ ಕುದುರೆಗಳನ್ನು ಒಂದು ಕಡೆ ಕರೆಸಿ, ಒಬ್ಬ ಪಶುವೈದ್ಯರು, ಒಬ್ಬ ಲಾಳದವನು, ಒಬ್ಬ ತರಬೇತಾದ ಮಸಾಜ್ ಥೆರಪಿಸ್ಟ್ ನಿಂತರೆ ಸಾಕು. ಥೆರಪಿಸ್ಟ್ ಬಂದವನು ಪಾಠ ಮಾಡೋಕೆ ಬರಬಾರದು, ಅರ್ಧ ದಿನ ಹೇಳಿಕೊಡಲಿ, ಅರ್ಧ ದಿನ ಚಾಚಾನಂಥವರ ಕೈ ನೋಡಿ ಕಲಿಯಲಿ. ಯಾವ ಖಂಡ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಯಾವಾಗ ಮುಟ್ಟಬಾರದು ಅನ್ನೋದು ಅವನಿಂದ ಇವರಿಗೆ. ಕುದುರೆಯನ್ನು ಕಟ್ಟದೆ, ಹೆದರಿಸದೆ, ಬೀದಿಯ ಗದ್ದಲದ ನಡುವೆ ಅದರ ತಲೆ ಇಳಿಸೋದು ಹೇಗೆ ಅನ್ನೋದು ಇವರಿಂದ ಅವನಿಗೆ. ಕಲಿತ ಟಾಂಗಾದವರಿಗೆ ಒಂದು ಸರ್ಟಿಫಿಕೇಟ್ ಕೊಡಿ, ಗಾಡಿಯ ಹಿಂದೆ ಅಂಟಿಸಿಕೊಳ್ಳಲಿ. ಅಂಥ ಗಾಡಿಗೆ ದರ ಐವತ್ತು ರೂಪಾಯಿ ಜಾಸ್ತಿ ಅಂತ ಮಾಡಿ. ಒಂದು ಕಪ್ ಕ್ಯಾಪುಚಿನೋಗೆ ಮುನ್ನೂರು ಕೊಡುವ ನಮ್ಮಂಥವರು ಸತ್ತುಹೋಗೋದಿಲ್ಲ.

ಇದನ್ನು ನಾನು ನಮ್ಮ ಕಂಪನಿಯ ಸಿಎಸ್‌ಆರ್ ತಂಡಕ್ಕೂ ಬರೆದಿದ್ದೇನೆ. ‘ಪ್ರಪೋಸಲ್ ಚೆನ್ನಾಗಿದೆ, ಆದರೆ ಸಸಿ ನೆಡುವುದಕ್ಕೆ ಬಜೆಟ್ ಹೋಗಿದೆ’ ಅಂತ ಉತ್ತರ ಬಂತು. ಮುಂದಿನ ಕ್ವಾರ್ಟರಿಗೆ ಮತ್ತೆ ಬರೆಯುತ್ತೇನೆ. ಅಷ್ಟರೊಳಗೆ ನೀವು ಅರಮನೆ ಕಡೆ ಹೋದರೆ, ಚೌಕಾಸಿ ಮಾಡದೆ ನಾಲ್ಕೇ ಜನ ಹತ್ತಿ. ಹತ್ತುವ ಮುಂಚೆ ಗಾಡಿಯವರನ್ನು ‘ನಿನ್ನೆ ಮಾಲೀಶು ಆಯ್ತಾ ಇದಕ್ಕೆ?’ ಅಂತ ಕೇಳಿ ನೋಡಿ. ಮಾಡುವವರಾದರೆ ಅಲ್ಲೇ ನಿಲ್ಲಿಸಿಕೊಂಡು ಹೆಗಲು, ಚಪ್ಪೆ, ಕಿವಿ ಅಂತ ಅರ್ಧ ಗಂಟೆ ಹೇಳುತ್ತಾರೆ. ಬೋಣಿ ಆಗುವ ಹೊತ್ತಿನಲ್ಲಿ ಮಾತ್ರ ಕೇಳಬೇಡಿ.